ಸಿದ್ದಿ ಹುಡುಗನಿಗೆ ಪ್ರತಿ ಸಲ ಕುಣಿತವೇ ಯಾಕೆ?

ನಮ್ಮ ಉತ್ತರ ಕನ್ನಡದ ಅಂಕೋಲೆ ಕಡೆ ಶಾಲೆಗೆ ಹೊಸದಾಗಿ ಬಂದ ಶಿಕ್ಷಕರು ಕೇಳುವುದು ಒಂದೇ: "ಅಕ್ಕೋರೇ, ಇಷ್ಟು ನಮೂನೆ ಮಕ್ಕಳನ್ನ ಒಟ್ಟಿಗೆ ಹ್ಯಾಂಗೆ ಸುಧಾರಿಸ್ತೀರಿ?" ಇಲ್ಲಿನ ಹಾಲಕ್ಕಿ ಒಕ್ಕಲಿಗರ ಮಕ್ಕಳು, ಕೊಂಕಣಿ ಆಡುವ ಮೀನುಗಾರ ಖಾರ್ವಿಗಳ ಮಕ್ಕಳು, ಹಾಸ್ಟೆಲಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದ ಕೊಪ್ಪಳ, ರಾಯಚೂರಿನವರ ಮಕ್ಕಳು, ಮನೆಯಲ್ಲಿ ಉರ್ದು ಆಡುವವರು, ಎಲ್ಲ ಒಂದೇ ಕೋಣೆಯಲ್ಲಿ.

ಮೊದಲು ಕೂರುವ ಜಾಗ ಬದಲಿಸಿ. ಬಿಟ್ಟರೆ ಒಂದು ಕೇರಿಯವರು ಒಂದು ಬೆಂಚು ಹಿಡಿಯುತ್ತಾರೆ. ಪಕ್ಕದಲ್ಲಿ ಕೂರಿಸಿದ ಮಾತ್ರಕ್ಕೆ ಏನೂ ಆಗದು, ಒಬ್ಬರಿಗೊಬ್ಬರು ಬೇಕಾಗುವ ಕೆಲಸ ಕೊಡಿ. ಭೂಪಟ ಬಿಡಿಸುವಾಗ ನಾನು ಅಳತೆಪಟ್ಟಿ ಒಬ್ಬಳಿಗೆ, ಬಣ್ಣ ಇನ್ನೊಬ್ಬನಿಗೆ, ಹೆಸರು ಬರೆಯುವುದು ಮತ್ತೊಬ್ಬಳಿಗೆ ಕೊಡುತ್ತೇನೆ. ಜಗಳ ಆಗುತ್ತದೆ, ಆಗಲಿ.

ಮನೆಮಾತಿನಲ್ಲಿ ಉತ್ತರ ಬಂದರೆ ಮೊದಲು "ಸರಿ" ಎನ್ನಿ. ಪುಸ್ತಕದ ಕನ್ನಡವನ್ನು ಆಮೇಲೆ ಹಲಗೆಯ ಮೇಲೆ ಬರೆದರಾಯಿತು. ತಿದ್ದುವ ಅವಸರದಲ್ಲಿ ಉಳಿದವರು ನಕ್ಕರೆ ಆ ಮಗು ಮತ್ತೆ ಕೈ ಎತ್ತುವುದೇ ಕಷ್ಟ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಶಾಲೆ ಶುರುವಾಗುವುದೂ ಆಗಲೇ. ಆ ಎರಡು ತಿಂಗಳು "ದುಡ್ಡು ತಂದವರು ಎದ್ದು ನಿಲ್ಲಿ" ಎಂದು ತರಗತಿಯಲ್ಲಿ ಹೇಳಲೇಬೇಡಿ. ಕೂತೇ ಇರುವವರು ಯಾರ ಮನೆಯವರೆಂದು ಎಲ್ಲರಿಗೂ ಕಾಣುತ್ತದೆ.

ಬಿಸಿಯೂಟಕ್ಕೆ ಮೊಟ್ಟೆಯವರದೊಂದು ಸಾಲು, ಬಾಳೆಹಣ್ಣಿನವರದೊಂದು ಸಾಲು ಬೇಡ. ಬಡಿಸುವವರಿಗೆ ಅನುಕೂಲ ನಿಜ, ಆದರೂ ಬೇಡ.

ಇನ್ನು ವಾರ್ಷಿಕೋತ್ಸವ. ಸಿದ್ದಿ ಮಕ್ಕಳೆಂದರೆ ಡಮಾಮಿ ಕುಣಿತ, ಹಾಲಕ್ಕಿ ಹುಡುಗಿಯೆಂದರೆ ಕೊರಳ ತುಂಬ ಮಣಿಸರ. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂರಿಸಿ, ಒಂದು ಸಂಜೆ ವೇದಿಕೆ ಹತ್ತಿಸುವುದಕ್ಕೆ ಗೌರವ ಅಂತ ಹೆಸರು! ಹೆಸರು ಬರೆದುಕೊಳ್ಳುವ ಮುನ್ನ ಮಗುವನ್ನೇ ಕೇಳಿ. ಅವನಿಗೆ ನಿರೂಪಣೆ ಬೇಕಿರಬಹುದು, ಮೈಕ್ ಸೆಟ್ ನೋಡಿಕೊಳ್ಳುವ ಆಸೆ ಇರಬಹುದು. ಕುಣಿಯಲೇ ಇಷ್ಟವಿದ್ದರೆ ಕುಣಿಯಲಿ, ಜೊತೆಗೆ ಬೇರೆಯವರೂ ಅವನಿಂದ ಹೆಜ್ಜೆ ಕಲಿಯಲಿ. ಅವರವರ ಜನರ ಹೆಸರು ಪಾಠದೊಳಗೆ ಬರಬೇಕು. ವಿಧಾನ ಪರಿಷತ್ತಿನ ಪಾಠಕ್ಕೆ 2020ರಲ್ಲಿ ಅಲ್ಲಿಗೆ ನಾಮನಿರ್ದೇಶನಗೊಂಡ ಶಾಂತಾರಾಮ ಸಿದ್ದಿ ಇದ್ದಾರೆ. ಗಿಡಮರದ ಪಾಠಕ್ಕೆ ನಮ್ಮ ತಾಲೂಕಿನವರೇ ಆದ, ಪದ್ಮಶ್ರೀ ಪಡೆದ, 2024ರಲ್ಲಿ ತೀರಿಕೊಂಡ ಹಾಲಕ್ಕಿ ಅಜ್ಜಿ ತುಳಸಿ ಗೌಡರ ಹೆಸರಿದೆ.

"ಈ ಸಲ ಸಿದ್ದಿ ಡಾನ್ಸ್ ಇಲ್ವಾ?" ಎಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕೆಂದು ಹೆಡ್‌ಮಾಸ್ತರರ ಹತ್ತಿರ ಮೊದಲೇ ಮಾತಾಡಿಟ್ಟಿರಿ.