ಶ್ರೀರಂಗಪಟ್ಟಣಕ್ಕೆ ಒಂದು ದಿನ: ಹೊಳೆ ಹರಿಯುವ ಕಡೆಗೇ ಸುತ್ತಿ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಒಂದು ಗಂಟೆ ಕೊಡುತ್ತಾರೆ. ರಂಗನಾಥನಿಗೆ ಕೈ ಮುಗಿದು, ಗುಂಬಜ್ ಮುಂದೆ ಒಂದು ಫೋಟೊ ತೆಗೆದು, ಮತ್ತೆ ಕಾರು ಹತ್ತುತ್ತಾರೆ. ಈ ಸಲ ಮೈಸೂರನ್ನೇ ಬಿಟ್ಟುಬಿಡಿ.

ಊರು ಕಾವೇರಿಯ ನಡುವಿನ ದ್ವೀಪ. ಪಶ್ಚಿಮದ ತುದಿಯಲ್ಲಿ ಹೊಳೆ ಎರಡಾಗಿ ಒಡೆಯುತ್ತದೆ, ಪೂರ್ವದ ತುದಿಯಲ್ಲಿ ಮತ್ತೆ ಸೇರುತ್ತದೆ. ಕೋಟೆ, ದೇವಸ್ಥಾನ ಪಶ್ಚಿಮಕ್ಕಿವೆ, ದರಿಯಾ ದೌಲತ್ ಅರಮನೆ ನಡುಭಾಗದಲ್ಲಿ, ಗುಂಬಜ್ ಮತ್ತು ಸಂಗಮ ಪೂರ್ವಕ್ಕೆ. ನೀರಿನ ಜೊತೆಗೇ ನೀವೂ ಹೋದರೆ ಹಿಂದೆ ಮುಂದೆ ಓಡಾಡುವ ಕಷ್ಟ ಇರುವುದಿಲ್ಲ.

ಬೆಂಗಳೂರಿನಿಂದ ಸುಮಾರು 125 ಕಿ.ಮೀ. ನನ್ನ ಕೇಳಿದರೆ ರೈಲೇ ವಾಸಿ. ಸ್ಟೇಷನ್‌ನಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ಮದ್ದೂರು ವಡೆ ನೀವು ಕೂತಲ್ಲಿಗೇ ಬರುತ್ತದೆ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ಕಾರಿನವರು ಹೊಸ ಹೆದ್ದಾರಿಯಿಂದ ಸರಿಯಾದ ಕಡೆ ಇಳಿಯಬೇಕು, ಬೈಪಾಸ್ ಊರನ್ನು ಬಳಸಿ ಮುಂದೆ ಹೋಗಿಬಿಡುತ್ತದೆ. ಬೈಕಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ, ಸರ್ವೀಸ್ ರಸ್ತೆಯೇ ಗತಿ. ಬಸ್ಸಿನವರು ಹತ್ತುವ ಮುಂಚೆಯೇ ಕಂಡಕ್ಟರನ್ನು ಕೇಳಿ, ಮೈಸೂರಿನ ನಾನ್‌ಸ್ಟಾಪ್ ಗಾಡಿ ಊರೊಳಗೆ ಬರುವುದಿಲ್ಲ.

ರೈಲಿನಿಂದ ಇಳಿದವರು ಸ್ಟೇಷನ್ ಹತ್ತಿರ ಟಿಪ್ಪುವಿನ ಕಾಲದ ಮದ್ದಿನಮನೆ (ಸಿಡಿಮದ್ದು ಇಡುತ್ತಿದ್ದ ಕಟ್ಟಡ) ಎಲ್ಲಿ ಅಂತ ಕೇಳಿ. ಜೋಡಿ ಹಳಿಗೆ ಅಡ್ಡ ಬಂದಿತ್ತು ಅಂತ 2017ರಲ್ಲಿ ಅದನ್ನು ಒಡೆಯದೆ, ಕಟ್ಟಡಕ್ಕೆ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದ್ದಾರೆ.

ಮೊದಲು ದೇವಸ್ಥಾನ. ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಯೇ. ಕಾವೇರಿಯ ಮೂರು ರಂಗನಾಥ ದೇವಸ್ಥಾನಗಳಲ್ಲಿ ಶಿವನಸಮುದ್ರದ್ದು ಮಧ್ಯರಂಗ, ಶ್ರೀರಂಗದ್ದು ಅಂತ್ಯರಂಗ, ಇದು ಆದಿರಂಗ. ಶನಿವಾರ, ಭಾನುವಾರ ಸಾಲು ಉದ್ದ, ಆದಷ್ಟು ಬೇಗ ಹೋಗಿ.

ಅಲ್ಲಿಂದ ಹೊಳೆ ಕಡೆಯ ಕೋಟೆಗೋಡೆಗೆ ನಡೆಯಿರಿ. ಕರ್ನಲ್ ಬೈಲಿ ಹೆಸರಿನ ಬಂದೀಖಾನೆ ಅಲ್ಲಿದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇನೆಗೆ ಸೋತು ಸೆರೆಯಾದ ಬ್ರಿಟಿಷ್ ಅಧಿಕಾರಿ ಆತ, 1782ರಲ್ಲಿ ಈ ಊರಿನಲ್ಲೇ ತೀರಿಕೊಂಡ. ಹೆಸರು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಮತ್ತೆ ಸಿಗುತ್ತಾನೆ. 1799ರ ಮೇ 4ರಂದು ಕೋಟೆ ಬಿದ್ದಾಗ ಟಿಪ್ಪುವಿನ ಶವ ಸಿಕ್ಕ ಜಾಗವೂ ಇದೇ ಕಡೆ ಇದೆ. ಸಣ್ಣದೊಂದು ಕಲ್ಲು ನೆಟ್ಟಿದ್ದಾರೆ ಅಷ್ಟೇ, ಎಷ್ಟೋ ಜನ ನೋಡದೆಯೇ ದಾಟಿ ಹೋಗುತ್ತಾರೆ.

ಊಟ ಮುಗಿಸಿ ಆಟೊ ಹಿಡಿದು ದರಿಯಾ ದೌಲತ್‌ಗೆ ಹೋಗಿ. 1784ರ ಈ ತೇಗದ ಮರದ ಅರಮನೆಯ ಹೊರಗೋಡೆಗಳೇ ಅಸಲಿ ಮಾಲು. ಪಶ್ಚಿಮದ ಗೋಡೆ ತುಂಬಾ ಪೊಲ್ಲಿಲೂರು ಯುದ್ಧದ ಚಿತ್ರ. ಗಿಜಿಗಿಜಿ ಕುದುರೆಗಳ ನಡುವೆ ಪಲ್ಲಕ್ಕಿಯಲ್ಲಿ ಕೂತವನನ್ನು ಹುಡುಕಿ, ಅವನೇ ಬೈಲಿ! ಹತ್ತಿರದಲ್ಲೇ ಮದ್ದಿನ ಗಾಡಿ ಸ್ಫೋಟಿಸುವುದೂ ಕಾಣುತ್ತದೆ. ಇಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ, ಮಕ್ಕಳಿದ್ದರೆ ಹುಡುಕುವ ಕೆಲಸ ಅವರಿಗೇ ಬಿಡಿ.

ಗುಂಬಜ್‌ನಲ್ಲಿ ಹೈದರ್, ಟಿಪ್ಪು, ಟಿಪ್ಪುವಿನ ತಾಯಿ ಮೂವರ ಸಮಾಧಿಗಳಿವೆ. ಹೊರಗಿನ ಕರಿಕಲ್ಲಿನ ಕಂಬ ಮುಟ್ಟಿ ನೋಡಿ, ಬಿಸಿಲಲ್ಲೂ ಕನ್ನಡಿ ಹಾಗೆ ಹೊಳೆಯುತ್ತವೆ.

ರಂಗನತಿಟ್ಟನ್ನು ಇದೇ ದಿನಕ್ಕೆ ತುರುಕಬೇಡಿ. ಹಕ್ಕಿ ನೋಡಲು ಬೆಳಿಗ್ಗೆಯೇ ಚೆನ್ನ, ಅದಕ್ಕೆ ಇನ್ನೊಂದು ಸಲ ಬನ್ನಿ.

ಕೊನೆಗೆ ಸಂಗಮ. ತೆಪ್ಪದಲ್ಲಿ ಹೋಗುವುದಾದರೆ ಹತ್ತುವ ಮೊದಲೇ ದುಡ್ಡಿನ ಮಾತು ಮುಗಿಸಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರೆ ದಡದಲ್ಲೇ ಕೂತು ಕಡಲೆಕಾಯಿ ತಿನ್ನಿ, ಕಾಲು ತೊಳೆಯಲೂ ಇಳಿಯಬೇಡಿ, ಸೆಳವು ಮೇಲಿಂದ ಗೊತ್ತಾಗುವುದಿಲ್ಲ. ಹಾಂ, ಬಂದ ಆಟೊವನ್ನು ಕಳಿಸಬೇಡಿ. ನಾವೊಮ್ಮೆ ಕಳಿಸಿ, ಕತ್ತಲಲ್ಲಿ ಗಂಜಾಂವರೆಗೆ ನಡೆದು, ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು.