ಪಿಕಪ್‌ಗೆ ದೊಡ್ಡ ಟೈರು, ಹಿಂದೆ ಡ್ರಾಯರು: ನಾನು ಮಾಡಿಸಿಕೊಂಡ ಬಗೆ

ನನ್ನ ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಹಳೆಯ 2.5 ಲೀಟರ್ ಡೀಸೆಲ್ ಇಂಜಿನ್‌ನದು. 2016ರಲ್ಲಿ ಈ ಗಾಡಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಸಕಲೇಶಪುರ, ಮೂಡಿಗೆರೆ ಕಡೆ ತೋಟದವರು ಪಿಕಪ್‌ನಲ್ಲಿ ಗೊಬ್ಬರ, ಕಾಫಿ ಮೂಟೆ ಸಾಗಿಸುತ್ತಾರೆ. ನಾನು ತಗೊಂಡದ್ದು ಬೇರೆ ಕೆಲಸಕ್ಕೆ. ಡಾಂಬರು ಮುಗಿದ ಮೇಲೂ ಮುಂದೆ ಹೋಗಬೇಕು, ಹೋದಲ್ಲಿ ಅಡುಗೆ ಮಾಡಿಕೊಳ್ಳಬೇಕು, ರಾತ್ರಿ ಉಳಿಯಬೇಕು, ಬೆಳಿಗ್ಗೆ ಎಲ್ಲವನ್ನೂ ಎತ್ತಿಟ್ಟು ಮತ್ತೆ ಹೊರಡಬೇಕು. ಓವರ್‌ಲ್ಯಾಂಡಿಂಗ್ ಅನ್ನುವುದು ಇದನ್ನೇ. ಅದಕ್ಕೆ ಗಾಡಿ ಹೇಗೆ ಸಿದ್ಧ ಮಾಡಿಕೊಂಡಿರಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಮೊದಲು ತೂಕದ ಲೆಕ್ಕ, ಆಮೇಲೆ ಸಾಮಾನು.

ಹಾಗಾಗಿ ಟೈರ್ ಅಂಗಡಿಗೆ ಹೋಗುವ ಮೊದಲು ವೇಬ್ರಿಡ್ಜ್‌ಗೆ ಹೋದೆ. ಲಾರಿ ತೂಗುವ ಜಾಗ ಅದು. ಆಪರೇಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೋಡ್ ಎಲ್ಲಿ ಸಾರ್?" ಅಂದರು. ಖಾಲಿ ಗಾಡಿಯನ್ನೇ ತೂಗಬೇಕು, ಡೀಸೆಲ್ ಟ್ಯಾಂಕ್ ತುಂಬಿಸಿ ತಂದಿದ್ದೇನೆ ಅಂದೆ. ಮೊದಲು ಇಡೀ ಗಾಡಿ ತೂಗಿದರು. ಆಮೇಲೆ ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ, ಕೊನೆಗೆ ಹಿಂದಿನದು ಮಾತ್ರ. ಮೂರು ಚೀಟಿ ಕೈಗೆ ಬಂತು. ಆರ್‌ಸಿಯಲ್ಲಿ ಲೇಡನ್ ವೇಟ್ (ತುಂಬಿದ ಗಾಡಿಯ ತೂಕದ ಮಿತಿ) ಅಂತ ಇರುತ್ತದಲ್ಲ, ಅದರಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದೇ ನಿಮ್ಮ ಪಾಲು. ಗಾಡಿಯಲ್ಲಿ ಕೂರುವವರ ತೂಕವೂ ಅದರಲ್ಲೇ ಬರಬೇಕು. ನಾಲ್ಕು ಜನ ದೊಡ್ಡವರು ಕೂತರೆ ಮುನ್ನೂರು ಕಿಲೋ ಹತ್ತಿರ ಅಲ್ಲಿಗೇ ಮುಗಿಯಿತು.

ಈ ಚೀಟಿ ಕೈಯಲ್ಲಿದ್ದರೆ ಎಷ್ಟೋ ಆಸೆ ತಾನಾಗಿ ಕಮ್ಮಿಯಾಗುತ್ತದೆ. ಹಿಂದೆ ಸಾಮಾನು ತುಂಬುವ ತೊಟ್ಟಿಗೆ ಮುಚ್ಚುವ ಫೈಬರ್ ಗೂಡು, ಅಂದರೆ ಕ್ಯಾನಪಿ, ಅರವತ್ತು ಎಪ್ಪತ್ತು ಕಿಲೋ ತೂಗುತ್ತದೆ. ರೂಫ್ ಟಾಪ್ ಟೆಂಟ್ ಐವತ್ತರ ಮೇಲೆ, ಅದೂ ಗಾಡಿಯ ನೆತ್ತಿಯಲ್ಲಿ. 18 ಎಂಎಂ ಪ್ಲೈವುಡ್‌ನ ಎಂಟು ಅಡಿ, ನಾಲ್ಕು ಅಡಿ ಹಾಳೆ ಒಂದೇ ಮೂವತ್ತು ಕಿಲೋಗೂ ಜಾಸ್ತಿ. ನೂರು ಎಎಚ್‌ನ (ಆಂಪಿಯರ್ ಅವರ್) ಲೆಡ್ ಆಸಿಡ್ ಬ್ಯಾಟರಿ ಮೂವತ್ತು ಕಿಲೋ ಸುಮಾರು ಇದ್ದರೆ, ಅಷ್ಟೇ ಶಕ್ತಿಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹನ್ನೆರಡರ ಆಸುಪಾಸು. ನೀರಿನ ಲೆಕ್ಕ ಸುಲಭ, ಲೀಟರಿಗೆ ಒಂದು ಕಿಲೋ. ಡೀಸೆಲ್ ಅದಕ್ಕಿಂತ ಸ್ವಲ್ಪ ಹಗುರ. ನಾನು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕೂಡಿಸಿ, ಕ್ಯಾನಪಿ ಮತ್ತು ರೂಫ್ ಟೆಂಟ್ ಎರಡನ್ನೂ ಹೊಡೆದುಹಾಕಿದೆ. ನೆಲದ ಮೇಲೆ ಹಾಕುವ ಟೆಂಟು ಸಾಕು. ತೊಟ್ಟಿಗೆ ಮಡಚುವ ಟಾರ್ಪಾಲಿನ್ ಕವರ್ ಸಾಕು.

ಕಾನೂನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಮುಂದಿನ ಬಂಪರಿಗೆ ಹಾಕುವ ಕಬ್ಬಿಣದ ಗಾರ್ಡು, ಅಂದರೆ ಬುಲ್ ಬಾರ್‌ಗೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಬೇಡ ಅಂದಿದೆ. ಚಾಸಿಯಿಂದ ಬಾಡಿ ಮೇಲೆತ್ತುವ ಬಾಡಿ ಲಿಫ್ಟ್ ಮಾಡಿಸಲಿಲ್ಲ, ಚಾಸಿಗೆ ವೆಲ್ಡಿಂಗ್ ಮುಟ್ಟಿಸಲಿಲ್ಲ, ಬುಲ್ ಬಾರ್ ಹಾಕಿಸಲಿಲ್ಲ. ಟೈರ್ ಅಳತೆ ಬದಲಾಯಿಸುವ ಮೊದಲು ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ ಉತ್ತರ ಪಡೆದುಕೊಂಡೆ. ನೀವೂ ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಮೊದಲೇ ಕೇಳಿಕೊಳ್ಳಿ. ಅಪಘಾತ ಆದ ಮೇಲೆ ಕೇಳುವ ಪ್ರಶ್ನೆ ಅಲ್ಲ ಅದು.

ಈಗ ಟೈರಿಗೆ ಬರೋಣ. ಗಾಡಿಯ ಜೊತೆ ಬಂದದ್ದು 245/70 ಆರ್ 16. ಇದರಲ್ಲಿ 245 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಎಪ್ಪತ್ತು ಪಾಲು. 16 ಅಂದರೆ ರಿಮ್ಮಿನ ಇಂಚು. ಕೂಡಿಸಿದರೆ ಇಡೀ ಟೈರಿನ ಎತ್ತರ ಸುಮಾರು 749 ಮಿ.ಮೀ. ನಾನು ಹಾಕಿಸಿದ್ದು 265/70 ಆರ್ 16. ಅದರ ಎತ್ತರ 777. ವ್ಯತ್ಯಾಸ 28 ಮಿ.ಮೀ. ಆದರೆ ಗಾಡಿಯ ಹೊಟ್ಟೆ ಮೇಲೇಳುವುದು ಅದರ ಅರ್ಧ, 14 ಮಿ.ಮೀ. ಮಾತ್ರ. ಇಷ್ಟಕ್ಕಾ ಅಂತ ಅನ್ನಿಸಬಹುದು. ಆದರೆ ಹಿಂದಿನ ಆಕ್ಸಲ್‌ನ ನಡುವೆ ಗೇರು ತುಂಬಿದ ದುಂಡನೆಯ ಬುಂಡೆ (ಡಿಫರೆನ್ಷಿಯಲ್) ಇರುವ ಗಾಡಿಯಲ್ಲಿ ಅದನ್ನು ನೆಲದಿಂದ ಮೇಲೆತ್ತಲು ದೊಡ್ಡ ಟೈರು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಸಸ್ಪೆನ್ಶನ್ ಎಷ್ಟೇ ಏರಿಸಿದರೂ ಬಾಡಿ ಮೇಲೆ ಹೋಗುತ್ತದೆ, ಬುಂಡೆ ಇದ್ದಲ್ಲೇ ಇರುತ್ತದೆ. ಮಳೆಗಾಲದಲ್ಲಿ ತೋಟದ ರಸ್ತೆಯ ನಡುವೆ ದಿಣ್ಣೆ ಎದ್ದು ನಿಲ್ಲುತ್ತದಲ್ಲ, ಅಲ್ಲಿ ಕೆರೆಯುವುದು ಈ ಬುಂಡೆಯೇ.

ಇನ್ನೂ ದೊಡ್ಡದು, 265/75 ಹಾಕಿಸಿ ಅಂತ ಅಂಗಡಿಯವರು ಹೇಳಿದರು. ಅದು 804 ಮಿ.ಮೀ. ಆಗುತ್ತದೆ, ಕಂಪನಿ ಟೈರಿಗಿಂತ ನೂರಕ್ಕೆ ಏಳರಷ್ಟು ದೊಡ್ಡದು. ಅಷ್ಟು ದೊಡ್ಡ ಚಕ್ರ ತಿರುಗಿಸಲು ಗೇರು ಉದ್ದವಾದ ಹಾಗೆ ಆಗುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲೋಡ್ ಹೊತ್ತು ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಎರಡಕ್ಕೆ ಇಳಿಯುತ್ತದೆ. ಬ್ರೇಕಿಗೂ ಭಾರ. ಬೇಡ ಅಂದೆ. 265/70ಕ್ಕೆ ಗಾಡಿಯ ಏಳು ಇಂಚು ಅಗಲದ ರಿಮ್ಮೇ ಸಾಕಾಗುತ್ತದೆ, ಸ್ಪೇಸರ್ ಬೇಕಿಲ್ಲ. ಸ್ಪೇಸರ್ ಹಾಕಿ ಚಕ್ರ ಹೊರಗೆ ತಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ವೀಲ್ ಬೇರಿಂಗ್ ಸುಮ್ನೆ ಹಾಳಾಗುತ್ತದೆ.

ಟೈರ್ ಕೂರುತ್ತದೋ ಇಲ್ಲವೋ ಅಂತ ಅಂಗಡಿಯ ಸಮತಟ್ಟು ನೆಲದಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ನಾನು ಸ್ಪೇರ್ ಸೇರಿ ಐದೂ ತಗೊಳ್ಳುವ ಮೊದಲು ಮುಂದಿನ ಎರಡು ಮಾತ್ರ ಹಾಕಿಸಿದೆ. ಚಕ್ರದ ಗೂಡಿನ ಒಳಗೋಡೆಗೆ, ಮಡ್‌ಫ್ಲಾಪ್‌ಗೆ ಸುಣ್ಣದ ನೀರು ಬಳಿದೆ. ಆಮೇಲೆ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿ, ಹಿಂದಕ್ಕೆ ಮುಂದಕ್ಕೆ ಆಡಿಸಿದೆ. ಇನ್ನೊಂದು ಚಕ್ರಕ್ಕೂ ಹಾಗೇ. ಇಳಿದು ಟಾರ್ಚ್ ಹಾಕಿ ನೋಡಿದರೆ ಎಡಗಡೆ ಮಡ್‌ಫ್ಲಾಪಿನ ಅಂಚಿನಲ್ಲಿ ಉಗುರಿನಷ್ಟು ಸುಣ್ಣ ಅಳಿಸಿತ್ತು, ಟೈರಿನ ಭುಜದ ಗುಬ್ಬಿಗಳಿಗೆ ಬಿಳಿ ಹತ್ತಿತ್ತು. ಫ್ಲಾಪನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಸ್ಕ್ರೂ ಹಾಕಿದ ಮೇಲೆ ಅದೂ ಸರಿಹೋಯಿತು. ಸ್ಪೇರ್ ಟೈರು ತೊಟ್ಟಿಯ ಕೆಳಗೆ ಚೈನಿನಲ್ಲಿ ನೇತಾಡುವುದು. ಅದೂ ಹೊಸ ಅಳತೆಯದ್ದೇ ಇರಲಿ, ಹತ್ತಿಸಿ ಇಳಿಸಿ ನೋಡಿ. ಫೋರ್ ವೀಲ್ ಡ್ರೈವ್ ಹಾಕಿದಾಗ ಒಂದು ಚಕ್ರ ಮಾತ್ರ ಚಿಕ್ಕದಿದ್ದರೆ ಡಿಫರೆನ್ಷಿಯಲ್‌ಗೆ, ಹಿಂದೆ ಮುಂದೆ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

ಎಟಿ ಅಥವಾ ಎಂಟಿ ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಎಟಿ ಅಂದರೆ ಆಲ್ ಟೆರೇನ್, ಡಾಂಬರು ಮಣ್ಣು ಎರಡಕ್ಕೂ ಆಗುವ ಟೈರು. ಎಂಟಿ, ಅಂದರೆ ಮಡ್ ಟೈರು, ಕೆಸರಿನಲ್ಲಿ ರಾಜ. ಆದರೆ ಒಂದು ಪ್ರವಾಸದಲ್ಲಿ ನೂರು ಕಿಲೋಮೀಟರ್ ಓಡಿದರೆ ಎಂಬತ್ತಕ್ಕಿಂತ ಜಾಸ್ತಿ ಡಾಂಬರೇ. ಒದ್ದೆ ಡಾಂಬರಿನಲ್ಲಿ ಮಡ್ ಟೈರಿನ ಹಿಡಿತ ಕಮ್ಮಿ, ಗೊಂಯ್ ಅನ್ನುವ ಸದ್ದು ಬೇರೆ. ನಮ್ಮ ಘಾಟಿಗಳಲ್ಲಿ ಮಳೆಯಲ್ಲಿ ಬ್ರೇಕ್ ಹಿಡಿಯುವುದು ಮುಖ್ಯ. ಎಟಿ ಹಾಕಿಸಿದೆ, ಲೋಡ್ ಇಂಡೆಕ್ಸ್ 112ರದ್ದು. ಅಂದರೆ ಒಂದು ಟೈರು 1,120 ಕಿಲೋ ಹೊರಬಲ್ಲದು. ತಗೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಐದೂ ಹತ್ತಿರ ಹತ್ತಿರದ ವಾರದ್ದಿರಲಿ.

ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಬಿತ್ತು ಅಂತ ಬಹಳ ಜನ ಗೊಣಗುತ್ತಾರೆ. ಸ್ವಲ್ಪ ಬೀಳುತ್ತದೆ ನಿಜ. ಆದರೆ ಓಡೋಮೀಟರ್ ಕೂಡ ಈಗ ಕಮ್ಮಿ ತೋರಿಸುತ್ತದೆ ಅಲ್ವಾ? ನನ್ನ ಅಳತೆಯಲ್ಲಿ ಅದು ನೂರು ಅಂದರೆ ಗಾಡಿ ನಿಜವಾಗಿ ಸುಮಾರು 103.7 ಓಡಿರುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ನಷ್ಟ ಅಷ್ಟೇನೂ ಇಲ್ಲ. ಸ್ಪೀಡೋಮೀಟರ್‌ಗೂ ಇದೇ ಮಾತು. ಜಿಪಿಎಸ್ ಜೊತೆ ಒಮ್ಮೆ ಹೋಲಿಸಿ ಇಟ್ಟುಕೊಳ್ಳಿ.

ಸಾಮಾನಿನ ವ್ಯವಸ್ಥೆಯಲ್ಲೇ ನನ್ನ ಮನಸ್ಸು ಜಾಸ್ತಿ ಕೂತದ್ದು. ತೊಟ್ಟಿ ಸುಮಾರು 148 ಸೆಂ.ಮೀ. ಉದ್ದ, 153 ಅಗಲ. ಚಕ್ರದ ಉಬ್ಬುಗಳ ನಡುವೆ ಉಳಿಯುವುದು 110ರ ಆಸುಪಾಸು. ಉಬ್ಬಿನ ಎತ್ತರಕ್ಕೆ ಸರಿಯಾಗಿ ಒಂದು ಪೆಟ್ಟಿಗೆ, ಅದರೊಳಗೆ ಪಕ್ಕಪಕ್ಕ ಎರಡು ಉದ್ದನೆಯ ಡ್ರಾಯರು, ಮೇಲೆ ಸಮತಟ್ಟು ಹಲಗೆ. ಇಷ್ಟೇ ನಕ್ಷೆ. ಮನೆಯ ಕಿಟಕಿ ಬಾಗಿಲು ಮಾಡಿಕೊಟ್ಟ ಆಚಾರ್ರ ಹತ್ತಿರವೇ ಹೋದೆ. ಅವರು ತೊಟ್ಟಿ ಹತ್ತಿ ಕೂತು, ಟೇಪು ಹಿಡಿದು ನಾಲ್ಕೂ ಮೂಲೆ ಅಳೆದರು. 18 ಎಂಎಂ ಹಾಕೋಣ ಅಂದರು. "ಆಚಾರ್ರೇ, ತೂಕ ಆಗುತ್ತೆ, 12ರಲ್ಲಿ ಮುಗಿಸಿ" ಅಂದೆ. ಸ್ವಲ್ಪ ಯೋಚಿಸಿ, "12 ಆದ್ರೆ ಬರೀ ಸ್ಕ್ರೂ ನಿಲ್ಲಲ್ಲ ಸಾರ್. ಇದು ಮನೇಲಿ ನಿಂತಿರೋ ಬೀರು ಅಲ್ಲ, ಕುಲುಕ್ತಾನೇ ಇರುತ್ತೆ" ಅಂದರು. ಆ ಒಂದು ಮಾತಿನಿಂದ ಇಡೀ ಪೆಟ್ಟಿಗೆಯ ಗತಿ ಬದಲಾಯಿತು. ಮೂಲೆಗಳಿಗೆಲ್ಲ ಅಲ್ಯೂಮಿನಿಯಂ ಆಂಗಲ್ ಕೊಟ್ಟರು. ಸ್ಕ್ರೂ ಬದಲು ಬೋಲ್ಟು, ಕುಲುಕಿದರೂ ಬಿಚ್ಚದ ನೈಲಾಕ್ ನಟ್ಟು. ಜೋಡಣೆಗೆ ವಾಟರ್‌ಪ್ರೂಫ್ ಅಂಟು. ಪ್ಲೈ ಐಎಸ್ 710 ಗುರುತಿನದು, ನೀರಿಗೆ ತಡೆಯುವಂಥದ್ದು. ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿದೆವು. ನೀರು ಕುಡಿಯುವುದು ಹಾಳೆಯ ಮುಖದಿಂದಲ್ಲ, ಅಂಚಿನಿಂದ.

ಅಡುಗೆಮನೆಗೆ ಹಾಕುವ ಬಾಲ್ ಬೇರಿಂಗ್ ಚಾನೆಲ್ ಇದಕ್ಕೆ ಬೇಡ. ಕೆಂಪು ಧೂಳು ಒಳಗೆ ಹೋದರೆ ಕಿರ್ರ್ ಅನ್ನುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ. ಭಾರ ತಡೆಯುವ ಚಾನೆಲ್ ತಗೊಂಡರೆ ಅದೇ ತೂಕ. ನಾವು ಡ್ರಾಯರಿನ ಕೆಳಗೆ ನೈಲಾನ್ ಪಟ್ಟಿ ಹೊಡೆದು, ಕೆಳಗಿನ ಹಲಗೆಗೆ ಮೇಣದಬತ್ತಿ ಉಜ್ಜಿದೆವು. ತುಂಬಿದ ಡ್ರಾಯರು ಒಂದೇ ಕೈಯಲ್ಲಿ ಜಾರಿ ಬರುತ್ತದೆ. ಇಳಿಜಾರಿನಲ್ಲಿ ತಾನೇ ಜಾರದಂತೆ ಪ್ರತಿ ಡ್ರಾಯರಿಗೆ ಒಂದು ಚಿಲಕ. ಪೆಟ್ಟಿಗೆಯನ್ನು ತೊಟ್ಟಿಯ ಕೊಕ್ಕೆಗಳಿಗೆ ಟರ್ನ್‌ಬಕಲ್‌ನಿಂದ (ತಿರುಗಿಸಿ ಬಿಗಿ ಮಾಡುವ ಕೊಂಡಿ) ಬಿಗಿದಿದೆ. ತೊಟ್ಟಿಗೆ ತೂತು ಕೊರೆದಿಲ್ಲ. ಬೇಡ ಅಂದಾಗ ಇಬ್ಬರು ಸೇರಿ ಎತ್ತಿ ಮನೆಯಲ್ಲಿಡಬಹುದು.

ಏನು ಎಲ್ಲಿಡಬೇಕು ಅನ್ನುವುದು ರುಚಿಯ ವಿಷಯ ಅಲ್ಲ. ಎರಡು ಸಾಲು ಸೀಟಿರುವ ಡಬಲ್ ಕ್ಯಾಬ್ ಪಿಕಪ್‌ನಲ್ಲಿ ತೊಟ್ಟಿಯ ಹಿಂಭಾಗವೆಲ್ಲ ಆಕ್ಸಲ್‌ಗಿಂತ ಹಿಂದೆ ಚಾಚಿಕೊಂಡಿರುತ್ತದೆ. ಅಲ್ಲಿ ಭಾರ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ. ಹಾಗಾಗಿ ನೀರಿನ ಎರಡು ಇಪ್ಪತ್ತು ಲೀಟರ್ ಕ್ಯಾನು, ಬ್ಯಾಟರಿ, ಫ್ರಿಜ್ಜು ಎಲ್ಲ ಕ್ಯಾಬಿನ್ ಗೋಡೆಗೆ ಒತ್ತಿಕೊಂಡು ಕೂರುತ್ತವೆ. ಎಡ ಡ್ರಾಯರು ಅಡುಗೆಯದ್ದು: ಸ್ಟೌವು, ಕುಕ್ಕರು, ಡಬ್ಬಿಗಳು. ಬಲದ್ದು ಟೂಲ್ಸ್, ಟೋ ಹಗ್ಗ, ಅದನ್ನು ಸಿಕ್ಕಿಸುವ ಶ್ಯಾಕಲ್, ಪಂಕ್ಚರ್ ಕಿಟ್, ಗಾಳಿ ಹಾಕುವ ಕಂಪ್ರೆಸರ್. ಟೇಲ್‌ಗೇಟ್ ಹತ್ತಿರ ಬಟ್ಟೆ, ಟೆಂಟಿನಂಥ ಹಗುರ ಸಾಮಾನು ಮಾತ್ರ.

ಧೂಳಿಗೆ ಒಂದು ಮಾತು. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಎದ್ದ ಧೂಳು ಅಲ್ಲೇ ಸುತ್ತುತ್ತದೆ, ಟೇಲ್‌ಗೇಟಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ತಂದು ಗೇಟಿನ ಮೂರೂ ಕಡೆ ಅಂಟಿಸಿದೆ. ಅಕ್ಕಿ ಡಬ್ಬಿಯ ಮೇಲೆ ಈಗ ಕೆಂಪು ಪದರ ಇರುವುದಿಲ್ಲ.

ಎಲ್ಲ ತುಂಬಿದ ಮೇಲೆ ಮತ್ತೆ ಅದೇ ವೇಬ್ರಿಡ್ಜ್‌ಗೆ ಹೋಗಿ ಮತ್ತೆ ಮೂರು ಚೀಟಿ ತಂದೆ. ಜನ ಕೂತರೂ ಆರ್‌ಸಿಯ ಮಿತಿಯೊಳಗೇ ಇತ್ತು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳಿಗೆ ಇನ್ನೊಂದು ಎಲೆ ಸೇರಿಸಿ ಅಂತ ಹೇಳುವವರಿದ್ದಾರೆ. ನನಗೆ ಬೇಕಾಗಲಿಲ್ಲ. ಖಾಲಿ ಇದ್ದಾಗ ಎಗರುತ್ತಿದ್ದ ಗಾಡಿ ಈ ಭಾರಕ್ಕೆ ಮೆತ್ತಗೆ ಓಡುತ್ತದೆ. ಹಿಂದೆ ಎರಡು ಬೆರಳಿನಷ್ಟು ಕುಸಿದಿದ್ದರಿಂದ ಹೆಡ್‌ಲೈಟ್ ಕೆಳಗೆ ಇಳಿಸಿಕೊಂಡೆ, ಎದುರು ಬರುವವರ ಕಣ್ಣಿಗೆ ಹೊಡೆಯಬಾರದಲ್ಲ.

ಈ ಎಲ್ಲದಕ್ಕೂ ನಿಜವಾದ ಪರೀಕ್ಷೆ ಆದದ್ದು ಹಿಮಾಚಲ ಪ್ರದೇಶದ ಸ್ಪಿತಿಗೆ ಹೋಗುವ ದಾರಿಯಲ್ಲಿ, ಗ್ರಾಂಫುವಿನಿಂದ ಬಾತಾಲ್ ಕಡೆ ಹೋಗುವ ರಸ್ತೆಯಲ್ಲಿ. ರಸ್ತೆ ಅಂದರೆ ಉರುಳುಗಲ್ಲು, ನಡುವೆ ಹಿಮ ಕರಗಿ ಹರಿಯುವ ಹಳ್ಳಗಳು. ಮಧ್ಯಾಹ್ನ ಬಿಸಿಲೇರಿದ ಮೇಲೆ ನೀರು ಜಾಸ್ತಿಯಾಗುತ್ತದೆ, ಬೆಳಿಗ್ಗೆಯೇ ದಾಟಿಕೊಳ್ಳಬೇಕು. ಅಲ್ಲಿ ಟೈರಿನ ಗಾಳಿ 25 ಪಿಎಸ್‌ಐಗೆ ಇಳಿಸಿದೆ. ಕಲ್ಲಿನ ಮೇಲೆ ಪುಟಿಯುತ್ತಿದ್ದ ಗಾಡಿ ಕಲ್ಲನ್ನು ತಬ್ಬಿಕೊಂಡು ಹತ್ತತೊಡಗಿತು. 4,500 ಮೀಟರಿಗೂ ಮೇಲಿರುವ ಕುಂಜುಮ್ ಪಾಸ್‌ನಲ್ಲಿ ಗೇಜು ಹಿಡಿದವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಗೇಜು ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಬೆಂಗಳೂರಿಗಿಂತ ಅಲ್ಲಿ ಹೊರಗಿನ ಗಾಳಿಯ ಒತ್ತಡ ಐದು ಪಿಎಸ್‌ಐ ಹತ್ತಿರ ಕಮ್ಮಿ. ಅಷ್ಟು ಜಾಸ್ತಿ ತೋರಿಸಬೇಕು. ಆದರೆ ಚಳಿಗೆ ಟೈರಿನೊಳಗಿನ ಗಾಳಿಯೂ ಕುಗ್ಗುವುದರಿಂದ ಬೆಳಗಿನ ಜಾವ ಅಳೆದರೆ ಎರಡೂ ಹೆಚ್ಚುಕಮ್ಮಿ ಸರಿದೂಗುತ್ತವೆ. ಲೆಕ್ಕ ಹಾಕಿ ಗಾಳಿ ಬಿಡುವ ಬದಲು ಗೇಜು ನೋಡಿಯೇ ಬಿಡಿ.

ಟೈರು ದೊಡ್ಡದಾಯಿತು ಅಂತ ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ನಮ್ಮ ಪಶ್ಚಿಮ ಘಟ್ಟದ ಬೋಳುಗುಡ್ಡಗಳಲ್ಲಿ ಮಳೆಗಾಲದಲ್ಲಿ ಒಂದು ಸಲ ಚಕ್ರ ಕೊರೆದ ಜಾಡಿನಲ್ಲಿ ಆಮೇಲೆ ನೀರು ಹರಿಯುತ್ತದೆ, ವರ್ಷ ಕಳೆದಂತೆ ಅದು ಕೊರಕಲಾಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವಂತೆಯೂ ಇಲ್ಲ. ನಾನು ಉಳಿಯುವುದು ಕೇಳಿಕೊಂಡು, ಯಾರದ್ದಾದರೂ ತೋಟದ ಕಣದಲ್ಲಿ ಅಥವಾ ಹೋಮ್‌ಸ್ಟೇ ಅಂಗಳದಲ್ಲಿ.

ಹೊಸ ಟೈರು ಹಾಕಿಸಿದ ಮೇಲೆ ನೂರು ಕಿಲೋಮೀಟರಿಗೆ ವೀಲ್ ನಟ್ಟು ಮತ್ತೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ನೋಡಿಸಿ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಪೇರ್ ಸೇರಿಸಿ ಐದನ್ನೂ ಸ್ಥಳ ಬದಲಾಯಿಸಿ, ಐದೂ ಒಂದೇ ಸಮ ಸವೆಯುತ್ತವೆ. ಪ್ರವಾಸ ಮುಗಿಸಿ ಬಂದಾಗಲೆಲ್ಲ ಡ್ರಾಯರು ಹೊರಗೆಳೆದು ಧೂಳು ಒರೆಸಿ, ಬೋಲ್ಟುಗಳ ಮೇಲೆ ಒಮ್ಮೆ ಸ್ಪ್ಯಾನರ್ ಆಡಿಸಿ, ಮೇಣ ಉಜ್ಜಿಡುತ್ತೇನೆ. ಬಳಸದೇ ವಾಪಸ್ ಬಂದ ಸಾಮಾನು ಮುಂದಿನ ಸಲ ಗಾಡಿ ಹತ್ತುವುದಿಲ್ಲ. ಪಂಕ್ಚರ್ ಕಿಟ್, ಟೋ ಹಗ್ಗ, ಔಷಧದ ಡಬ್ಬಿಗೆ ಮಾತ್ರ ಈ ನಿಯಮ ಇಲ್ಲ.