ತೊಗರಿ ಹೊಲದಲ್ಲಿ ಪಲ್ಯದ ಸಾಲು

ನಮ್ಮದು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕು, ಎರಿ ಹೊಲ, ಅಂದರೆ ಕಪ್ಪು ಮಣ್ಣು. ಡೋಣಿ ನಮ್ಮ ಕಡೆಯ ಹೊಳೆ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅನ್ನುವ ಸೀಮೆ. ಈಗ ಮುಂಗಾರಿಗೆ ಎಲ್ಲಿ ನೋಡಿದರೂ ತೊಗರಿ. ರೇಟು ಸಿಗುತ್ತದೆ, ಬೆಳೆಯುವುದು ತಪ್ಪಲ್ಲ. ಆದರೆ ತೊಗರಿಯೊಂದೇ ಆದಾಗ ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಬೆಳೆಯ ಸಾಲು, ಹೋಯಿತು. ಹೆಸರು ಕಾಳು, ಮಡಕಿ ಕಾಳು, ಗುರೆಳ್ಳು (ಹುಚ್ಚೆಳ್ಳು), ಪುಂಡಿ ಸೊಪ್ಪು ಎಲ್ಲ ಆ ಸಾಲಿನಲ್ಲೇ ಬರುತ್ತಿದ್ದವು. ಕಳೆನಾಶಕ ಹೊಡೆಯುವುದು ಶುರುವಾದ ಮೇಲೆ ತಾನಾಗಿ ಹುಟ್ಟುವ ಹಕ್ಕರಕಿ ಸೊಪ್ಪೂ ಹೋಯಿತು. ಮೊದಲು ಹೊಲಕ್ಕೆ ಹೋದವಳು ಉಡಿ ತುಂಬ ಪಲ್ಯ, ಅಂದರೆ ಸೊಪ್ಪು, ತರುತ್ತಿದ್ದಳು. ಈಗ ಸಂತೆಗೆ ಹೋಗಬೇಕು, ಅದಕ್ಕೂ ಮನೆಯಲ್ಲಿ ದುಡ್ಡು ಕೇಳಬೇಕು.

ಇದರ ಪೆಟ್ಟು ಮೊದಲು ಬೀಳುವುದು ಹೆಣ್ಣುಮಕ್ಕಳ ತಾಟಿಗೆ. ಎಲ್ಲರೂ ಉಂಡ ಮೇಲೆ ಅವಳಿಗೆ ಉಳಿಯುವುದು ರೊಟ್ಟಿ, ಖಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಗಂಡಸಿಗೆ 19. ಜಾಸ್ತಿ ಬೇಕಾದವಳಿಗೇ ಕಡಿಮೆ! 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಹೆಣ್ಣುಮಕ್ಕಳ ಸಂಘದಲ್ಲಿ ಸುಸ್ತು, ತಲೆಸುತ್ತು ಅನ್ನದವರೇ ಕಡಿಮೆ.

ಹೊಲದ ಉತಾರದಲ್ಲಿ (ಪಹಣಿಯಲ್ಲಿ) ನನ್ನ ಹೆಸರಿಲ್ಲ. ಹಾಗಾಗಿ ಏನು ಬಿತ್ತಬೇಕು ಅನ್ನುವ ಮಾತಿಗೆ ನಾನು ಬಾಯಿ ಹಾಕಿದ್ದೇ ದೊಡ್ಡದಾಯಿತು. "ನಿನ್ನ ಪಲ್ಯದ ಸಲುವಾಗಿ ತೊಗರಿ ಬಿಡಾಕ ಆಗ್ತದೇನು?" ಅಂದರು ನಮ್ಮ ಮನೆಯವರು.

"ಒಂದು ಸಾಲೂ ಬಿಡಬ್ಯಾಡ್ರಿ. ನಡುವಿನ ಜಾಗ ನನಗ ಕೊಡ್ರಿ, ಸಾಕು" ಅಂದೆ. ಅತ್ತೆಯವರು ನನ್ನ ಕಡೆ ನಿಂತರು.

ತೊಗರಿ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುತ್ತದೆ. ಅದು ಹರಡಿಕೊಳ್ಳುವಷ್ಟರಲ್ಲಿ ಹೆಸರು ಕೈಗೆ ಬಂದಿರುತ್ತದೆ. ಹಾಗಾಗಿ ಸಾಲಿನ ನಡುವೆ ಹೆಸರು, ಮಡಕಿ. ಹೊಲದ ಅಂಚಿಗೆ ಗುರೆಳ್ಳು, ಅದಕ್ಕೆ ದನ ಬಾಯಿ ಹಾಕುವುದಿಲ್ಲ. ಪುಂಡಿಯನ್ನು ಬೇಕಂತಲೇ ದಾರಿ ಪಕ್ಕದ ಬದುವಿಗೆ ಹಾಕಿದೆ. ಮನೆಗೆ ಬರುವಾಗ ಕುಡಿ ಚಿವುಟಿಕೊಂಡು ಬರಬಹುದು, ಚಿವುಟಿದಷ್ಟೂ ಕವಲೊಡೆಯುತ್ತದೆ.

ಕಳೆನಾಶಕ ಬಿಟ್ಟರೆ ಕಳೆ ತೆಗೆಯುವವರು ಯಾರು? ಹೆಂಗಸರೇ, ಅಲ್ವಾ? ಪೌಷ್ಟಿಕ ಆಹಾರದ ಹೆಸರಲ್ಲಿ ಅವಳ ಬೆನ್ನಿಗೇ ಇನ್ನೊಂದು ಹೊರೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಮೊದಲೇ ಮಾತಾಡಿಕೊಂಡೆವು: ಸಾಲಿನ ನಡುವೆ ಎಡೆ ಕುಂಟೆ ಹೊಡೆಯುವುದು ನಮ್ಮ ಮನೆಯವರ ಕೆಲಸ, ಉಳಿದದ್ದನ್ನು ಇಬ್ಬರೂ ಸೇರಿ ಕೀಳುವುದು. ಹಕ್ಕರಕಿ ಕಂಡರೆ ಬಿಡುವುದು.

2023ರ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಹೆಸರು ಹೂವಲ್ಲೇ ಒಣಗಿತು, ತೊಗರಿ ಸೊರಗಿತು. ಮಡಕಿ ಮಾತ್ರ ನೆಲಕ್ಕೆ ಹಬ್ಬಿಕೊಂಡು ಉಳಿಯಿತು. ಮಾರುವಷ್ಟು ಬರಲಿಲ್ಲ, ಆದರೆ ಮನೆಗೆ ಕಾಳಿನ ಪಲ್ಯಕ್ಕೆ ಆಯಿತು. ಅಂಥ ವರ್ಷ ಕಾಳು ಕೊಂಡು ತಿನ್ನುವುದು ಎಷ್ಟು ಕಷ್ಟ ಅನ್ನುವುದು ಸಂಸಾರ ನಡೆಸುವವಳಿಗೆ ಗೊತ್ತು. ಮುಂದಿನ ವರ್ಷ ನಡುವಿನ ಜಾಗದ ಬಗ್ಗೆ ಮನೆಯಲ್ಲಿ ಯಾರೂ ತಕರಾರು ಎತ್ತಲಿಲ್ಲ.

ಪಲ್ಯ ಬಂದ ಮಾತ್ರಕ್ಕೆ ಅವಳ ಹೊಟ್ಟೆಗೆ ಹೋಗುತ್ತದೆ ಅಂತಿಲ್ಲ. ನಮ್ಮಲ್ಲಿ ಈಗ ರಾತ್ರಿ ಎಲ್ಲರೂ ಕೂಡಿ ಊಟಕ್ಕೆ ಕೂರುತ್ತೇವೆ, ಬೇಕಾದವರು ಬಡಿಸಿಕೊಳ್ಳುತ್ತಾರೆ. ಹಸಿ ಹಕ್ಕರಕಿಗೆ ಲಿಂಬೆ ಹಿಂಡಿಕೊಳ್ಳುತ್ತೇವೆ, ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವುದಿಲ್ಲ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ.

ಮಡಕಿ ಬೀಜಕ್ಕೆ ಬೂದಿ ಕಲಸಿ ಗಡಿಗೆಯಲ್ಲಿ ಇಟ್ಟಿದ್ದೇನೆ. ಓಣಿಯಲ್ಲಿ ಬೇಕಾದವರು ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಒಯ್ಯುತ್ತಾರೆ. ಒಂದು ಸೇರು ಒಯ್ದವರು ಸುಗ್ಗಿಯಾದ ಮೇಲೆ ಒಂದೂವರೆ ಸೇರು ಸಂಘಕ್ಕೆ ವಾಪಸ್ ಕೊಡಬೇಕು.